ಮೊದಲು ಓಡುವವಳು

ವಿದ್ಯುತ್ ಕಚೇರಿಯ ಬಿಲ್ ಕೌಂಟರಿನಲ್ಲಿ ಅವಳನ್ನು ಗುರುತು ಹಿಡಿದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ.

"ಮೇಡಂ, ದೇಶಕ್ಕೆ ಆಡ್ತೀರಂತೆ. ಎಷ್ಟು ಗೋಲು ಹೊಡೆದಿದೀರಿ?"

"ಒಂದೂ ಇಲ್ಲ," ಎಂದು ರಸೀದಿ ಹರಿದು ಕೊಡುತ್ತಿದ್ದಳು. ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಬಿಡಿಸಿ ಹೇಳುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ.

ಹಾಕಿಯಲ್ಲಿ ಅವಳ ಕೆಲಸ ಹೊಡೆಯುವುದಲ್ಲ, ಹೊಡೆಸಿಕೊಳ್ಳುವುದು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಎಲ್ಲರಿಗಿಂತ ಮೊದಲು ಓಡಿ, ಗೋಲಿನತ್ತ ಚೆಂಡು ಚಿಮ್ಮಿಸುವವಳ ಮುಂದಕ್ಕೇ ನುಗ್ಗಬೇಕು. ಚೆಂಡು ಕೋಲಿಗೆ ತಗುಲಿದರೆ ಪುಣ್ಯ. ಇಲ್ಲದಿದ್ದರೆ ಮೊಣಕಾಲಿಗೋ ಪಕ್ಕೆಲುಬಿಗೋ. ಗೋಲು ಹೊಡೆದವಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆಗದೇ ಹೋದ ಗೋಲಿನ ಚಿತ್ರವನ್ನು ಪತ್ರಿಕೆಯವರಾದರೂ ಹೇಗೆ ತೆಗೆದಾರು, ಪಾಪ.

ಶಾಲೆಯ ತಂಡಕ್ಕೆ ಒಬ್ಬಳು ಕಮ್ಮಿ ಬಿದ್ದಾಗ ಸೇರಿಸಿಕೊಂಡ ಹುಡುಗಿ ಅವಳು. ಚೆಂಡಿಗೆ ಹೆದರದವರು ಯಾರು ಎಂದು ಕೇಳಿದಾಗ ಕೈ ಎತ್ತಿದ್ದೇ ತಪ್ಪಾಯಿತು. ಆ ಕೆಲಸ ಮತ್ತೆ ಬೆನ್ನು ಬಿಡಲಿಲ್ಲ. ದರ್ಜಿಯಾದ ಅಪ್ಪ ಬಟ್ಟೆಯೊಳಗೆ ಸ್ಪಾಂಜು ಇಟ್ಟು ಹೊಲಿದು ಮೊಣಕಾಲಿಗೆ, ತೊಡೆಗೆ ಪಟ್ಟಿ ಮಾಡಿಕೊಟ್ಟ. ದೇಶದ ತಂಡ ಸೇರಿದ ಮೇಲೂ ಕಂಪನಿಯ ಪ್ಯಾಡಿನ ಕೆಳಗೆ ಅಪ್ಪನ ಪಟ್ಟಿಯೇ. ಪ್ರತಿ ಪ್ರವಾಸಕ್ಕೂ ಹೊಸ ಜೊತೆ. ವಿಮಾನ, ಹೋಟೆಲು, ಮೈದಾನ, ಐಸು ತುಂಬಿದ ಟಬ್ಬು. ಯಾವ ದೇಶಕ್ಕೆ ಹೋದರೂ ಅವಳು ಕಂಡದ್ದು ಇಷ್ಟೇ.

ಮೂವತ್ತು ದಾಟಿದ ಮೇಲೆ ಮೈ ಮಾತು ಕೇಳುವುದನ್ನು ಬಿಟ್ಟಿತು. ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಮೊಣಕಾಲನ್ನು ಪುಸಲಾಯಿಸಿ ಎಬ್ಬಿಸಬೇಕಿತ್ತು. ಅದನ್ನೂ ಹಲ್ಲುಕಚ್ಚಿ ಸಹಿಸಿದಳು. ಹಿಂದಿನ ಎರಡೂ ವಿಶ್ವಕಪ್ ಗಾಯದಿಂದಾಗಿ ತಪ್ಪಿಹೋಗಿದ್ದವು. ಈ ಸಲದ್ದೊಂದು ಆಡಿ ಬಿಟ್ಟುಬಿಡಬೇಕೆಂದು ಅವಳ ಆಸೆ.

ತಂಡ ಆರಿಸುವ ಶಿಬಿರದಲ್ಲಿ, ಒಂದು ಸಂಜೆ ಅವಳು ಬೂಟಿನ ದಾರ ಬಿಚ್ಚುತ್ತಿದ್ದಾಗ ಗೋಲ್‌ಕೀಪರ್ ಬಂದು ಪಕ್ಕದಲ್ಲಿ ಕೂತಳು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಅವಳಿಗೆ ಅಜ್ಜಿ ಎಂದೇ ಹೆಸರು.

"ನಿನ್ನ ಎಡಹೆಗಲು ತಿರುಗ್ತಿದೆ ಕಣೇ," ಎಂದಳು ಅಜ್ಜಿ.

ಅದು ಅವಳಿಗೂ ಗೊತ್ತಿತ್ತು. ಚೆಂಡು ಚಿಮ್ಮುವ ಹೊತ್ತಿಗೆ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅದರ ಜೊತೆಗೇ ಹೆಗಲೂ ಸರಿಯುತ್ತಿತ್ತು. ಓಡುವವಳು ನೆಟ್ಟಗೆ ಹೋದರೆ ಗೋಲಿನ ಒಂದು ಬದಿ ಅವಳದು, ಇನ್ನೊಂದು ಗೋಲ್‌ಕೀಪರಿನದು. ಅವಳು ತಿರುಗಿದರೆ ಎರಡೂ ಅಜ್ಜಿಯ ತಲೆಗೆ.

"ಕೋಚ್‌ಗೆ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ? ಇಷ್ಟು ವರ್ಷ ನಿನ್ನ ಹಿಂದೆ ನಿಂತಿದೀನಿ, ಇನ್ನೂ ನಿಲ್ತೀನಿ." ಅಜ್ಜಿ ಕಾಲಿನ ಪ್ಯಾಡು ಬಿಚ್ಚತೊಡಗಿದಳು. "ನೀನು ಬಿಟ್ಟಿದ್ದು ನನಗೇ ಬರೋದು, ಅಷ್ಟು ನೆನಪಿಟ್ಕೋ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುದಿನ ಕೋಚ್ ಎದುರು ನಿಂತಳು. "ಸರ್, ಮೊದಲ ಓಟಕ್ಕೆ ಬೇರೆಯವರನ್ನ ಹಾಕಿ. ನಾನು ಕಣ್ಣು ಮುಚ್ತಿದೀನಿ."

ಆತ ಹಣೆ ಉಜ್ಜಿಕೊಂಡ. "ಅದೂ ಇಲ್ಲ ಅಂದ್ರೆ ನಿನ್ನನ್ನ ಯಾವುದಕ್ಕೆ ಇಟ್ಕೊಳ್ಲಮ್ಮ?"

"ಗೊತ್ತು ಸರ್."

ಅಲ್ಲಿಗೆ ವಿಶ್ವಕಪ್ ಮುಗಿಯಿತು.

ಮನೆಗೆ ಬಂದಾಗ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. "ಈ ಸಲ ದಪ್ಪದ ಸ್ಪಾಂಜೇ ತಂದಿದೀನಿ. ಕಾಲು ಚಾಚು, ಅಳತೆ ತಗೋತೀನಿ."

"ಬೇಡಪ್ಪ. ಇನ್ನು ಆಡಲ್ಲ. ಚೆಂಡು ಬರುವಾಗ ಹೆದರಿಕೆಯಾಗುತ್ತೆ, ಕಣ್ಣು ಮುಚ್ಕೊಂಡ್ಬಿಡ್ತೀನಿ."

ಅಪ್ಪ ಪೆಡಲಿನಿಂದ ಕಾಲು ತೆಗೆದ. ಟೇಪನ್ನು ಕೊರಳಿಗೆ ಹಾಕಿಕೊಂಡ.

"ನಾನು ಮೊದಲಿಂದ್ಲೂ ಮುಚ್ಕೊಂಡೇ ಇದ್ದೆ," ಎಂದ. "ಟಿವಿಯಲ್ಲಿ ನೀನು ಆ ಗೆರೆ ಮೇಲೆ ನಿಂತ್ರೆ ಸಾಕು. ಮುಗೀತು ಅಂತ ನಿಮ್ಮಮ್ಮ ಹೇಳಿದ ಮೇಲೇ ಕಣ್ಣು ಬಿಡ್ತಿದ್ದೆ. ನೀನು ಓಡಿದ್ದು ಒಂದ್ಸಲಾನೂ ನೋಡಿಲ್ಲ ಮಗಳೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು; ಅಳುವೇ ಗೆದ್ದಿತು. ಅಪ್ಪ ಅವಳನ್ನು ಕಾಲು ಚಾಚಿ ಕೂರಿಸಿ, ಹೊಸ ಸ್ಪಾಂಜನ್ನು ಹಾಗೇ ಮಡಚಿ ನೋಯುವ ಮೊಣಕಾಲಿನ ಕೆಳಗೆ ದಿಂಬಿನಂತೆ ಇಟ್ಟ.