ಅತ್ತೆಯ ರವಿಕೆಯ ಎಡತೋಳು

2006ನೇ ಇಸವಿ. ಆಗ ನನಗೆ ಇಪ್ಪತ್ತೆಂಟು ವರ್ಷ. ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ ಬೇಗೂರಿಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ನಮ್ಮದು ಅರಿಶಿನ, ಚೆಂಡುಹೂವು ಬೆಳೆಯುವ ಮನೆ. ಕೆಲಸಕ್ಕೆ ಕೊರತೆಯಿರಲಿಲ್ಲ. ಆದರೂ ಓದುವ ಚಟ ನನ್ನನ್ನು ಬಿಟ್ಟಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಶಿವಬಸಪ್ಪ ಎಂಬ ನಿವೃತ್ತ ಮೇಷ್ಟ್ರು ತಮ್ಮ ಮನೆಯ ಮುಂದಿನ ಹಾಲ್‌ನಲ್ಲಿ ಒಂದು ಗ್ರಂಥಾಲಯ ನಡೆಸುತ್ತಿದ್ದರು. ಸದಸ್ಯರಾದವರು ಒಂದು ಸಲಕ್ಕೆ ಎರಡು ಪುಸ್ತಕ ಒಯ್ಯಬಹುದಿತ್ತು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಪುಸ್ತಕ ಬದಲಾಯಿಸಿಕೊಂಡು ಬರುವುದು ನನ್ನ ಒಂದೇ ತಿರುಗಾಟ. ನನ್ನನ್ನು ಹೊರಡಿಸುತ್ತಿದ್ದವರು ನಮ್ಮತ್ತೆ ಮಹದೇವಮ್ಮ. ಅವರಿಗೆ ಓದು ಬರಹ ಬರುವುದಿಲ್ಲ. "ಓಗ್ಬುಟ್ಟು ಬಾ, ಮಗೀನ ನಾ ನೋಡ್ಕತೀನಿ. ಬಂದ್ಮ್ಯಾಕೆ ಅದ್ರಲ್ಲಿ ಏನದೆ ಅಂತ ನಂಗೂ ಯೋಳು" ಎನ್ನುತ್ತಿದ್ದರು. ನಾನು ಓದಿದ ಎಷ್ಟೋ ಕಾದಂಬರಿಗಳ ಕಥೆ ಅವರಿಗೆ ಬಾಯಿಪಾಠ.

ಆ ವರ್ಷ ಮೇಷ್ಟ್ರು ಒಂದು ಬರವಣಿಗೆ ಕಮ್ಮಟ ಇಟ್ಟುಕೊಂಡರು. ನಾಲ್ಕು ಭಾನುವಾರಗಳ ಕಮ್ಮಟ. ಚಾಮರಾಜನಗರದಿಂದ ಸುಮಿತ್ರಾ ಎಂಬ ಕನ್ನಡ ಉಪನ್ಯಾಸಕಿ ಬಂದು ನಡೆಸಿಕೊಡುವುದು. ಕೊನೆಯ ಭಾನುವಾರ ನಾವು ಬರೆದದ್ದನ್ನು ಸದಸ್ಯರ ಮುಂದೆ ಓದುವುದು. ಚೆನ್ನಾಗಿರುವುದನ್ನೆಲ್ಲ ಸೇರಿಸಿ ಗ್ರಂಥಾಲಯದಿಂದ ಒಂದು ಸಣ್ಣ ಪುಸ್ತಕ ತರುವುದು, ಹೀಗೆ ಯೋಜನೆ. ನಾನು ಮೊದಲ ದಿನವೇ ಹೆಸರು ಕೊಟ್ಟೆ. ಬರೆಯಬಲ್ಲೆ ಎಂಬ ನಂಬಿಕೆ ನನಗೆ ಮೊದಲಿಂದಲೂ ಇತ್ತು. ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ನನ್ನದಲ್ಲ.

ಎರಡನೆಯ ಭಾನುವಾರ ಮೇಡಂ, "ನೀವು ದಿನಾ ನೋಡುವ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ. ಎಲ್ಲರೂ ನೋಡಿಯೂ ಗಮನಿಸದ ಒಂದು ವಿಷಯ ಹಿಡಿಯಿರಿ" ಎಂದರು. ಬಸ್ಸಿನಲ್ಲಿ ಬೇಗೂರು ತಲುಪುವಷ್ಟರಲ್ಲಿ ನನಗೆ ವಿಷಯ ಸಿಕ್ಕಿತ್ತು. ನಮ್ಮತ್ತೆಯ ರವಿಕೆ.

ಅತ್ತೆಯ ರವಿಕೆಗಳಿಗೆಲ್ಲ ಎಡತೋಳು ಮೊಣಕೈವರೆಗೆ ಬರುತ್ತಿತ್ತು, ಬಲತೋಳು ಅದಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತಿತ್ತು. ಒಂದೆರಡಲ್ಲ, ಮನೆಯಲ್ಲಿದ್ದ ಅಷ್ಟೂ ರವಿಕೆ ಹಾಗೆಯೇ. ಎಡಗಡೆ ಸೆರಗು ಬೀಳುವುದರಿಂದ ಹೊರಗಿನವರಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಬಟ್ಟೆ ಒಣಗಿಸುವ ನನಗೆ ಮಾತ್ರ ಕಾಣುತ್ತಿತ್ತು. ಅದನ್ನು ಹೊಲಿಯುತ್ತಿದ್ದವರು ಗುಂಡ್ಲುಪೇಟೆಯ ಗಫೂರ್ ಸಾಬರು. ನಾನು ಅವರನ್ನು ನೋಡಿರಲಿಲ್ಲ. ಅತ್ತೆ ಮಾತ್ರ ಬೇಗೂರಿನಲ್ಲೇ ಇಬ್ಬರು ಟೈಲರ್‌ಗಳಿದ್ದರೂ ಬಸ್ ಹತ್ತಿ ಸಾಬರ ಅಂಗಡಿಗೇ ಹೋಗುತ್ತಿದ್ದರು. "ಬೇರೆ ಕಡೆ ಕೊಡಿ ಅತ್ತೆ" ಎಂದು ಒಂದು ಸಲ ಅಂದಿದ್ದಕ್ಕೆ, "ಬುಡು ಕಣಮ್ಮಿ, ಅವ್ರ ಕೈ ನಂಗೆ ಒಗ್ಗೋಗದೆ" ಎಂದಿದ್ದರು.

ಅಷ್ಟನ್ನೇ ಇಟ್ಟುಕೊಂಡು ಒಂದು ನಗೆಬರಹ ಬರೆದೆ. ಎಡತೋಳು ಬಲತೋಳು ಅಣ್ಣ ತಮ್ಮಂದಿರಂತೆ ಜಗಳವಾಡಿ ಪಾಲಾಗಿವೆ ಎಂದೆ. ಟೈಲರ್‌ಗೆ ಅರ್ಧ ಕಣ್ಣು ಕಾಣುವುದಿಲ್ಲ, ಉಳಿದರ್ಧ ಕಣ್ಣು ರಸ್ತೆಯ ಮೇಲಿರುತ್ತದೆ ಎಂದೆ. ಮೇಡಂಗೆ ತೋರಿಸಿದಾಗ ಅವರು ನಕ್ಕು, "ಚೆನ್ನಾಗಿದೆ. ಇನ್ನೊಂದು ಘಟನೆ ಇದ್ದರೆ ಇನ್ನೂ ಕಳೆ ಬರುತ್ತೆ" ಎಂದರು. ನನ್ನ ಬಳಿ ಇನ್ನೊಂದು ಘಟನೆ ಇರಲಿಲ್ಲ. ಒಂದನ್ನು ಹುಟ್ಟಿಸಿದೆ. ಒಂದು ಮದುವೆ ಮನೆಯಲ್ಲಿ ಆರತಿ ಎತ್ತುವಾಗ ಸಾಬರು ಹಾಕಿದ್ದ ಹುಕ್ಕುಗಳು ಒಂದೊಂದಾಗಿ ಕಿತ್ತು ತಟ್ಟೆಗೆ ಬಿದ್ದವು ಎಂದು ಬರೆದೆ. ಟೈಲರ್ ಹೆಸರನ್ನು ಮಾತ್ರ ಬಿಟ್ಟೆ. ಅಷ್ಟಕ್ಕೇ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದೆ.

ಕೊನೆಯ ಭಾನುವಾರ ಹೊರಡುವಾಗ ಅತ್ತೆ, "ನಾನೂ ಬತ್ತೀನಿ ಕಣಮ್ಮಿ, ನೀ ಓದದ್ನ ಕೇಳ್ತೀನಿ" ಎಂದರು. ಬರೆದದ್ದು ಅವರ ಬಗ್ಗೆಯೇ ಎಂದು ನಾನು ಹೇಳಿರಲಿಲ್ಲ. "ಬೇಡಿ ಅತ್ತೆ, ಗಂಟೆಗಟ್ಟಲೆ ಕೂರಬೇಕು, ನಿಮಗೆ ಮಂಡಿ ನೋವು" ಎಂದು ತಪ್ಪಿಸಿ ಒಬ್ಬಳೇ ಬಸ್ ಹತ್ತಿದೆ.

ಹಾಲ್‌ನಲ್ಲಿ ಮೂವತ್ತು ಮೂವತ್ತೈದು ಜನ ಇದ್ದರು. ಪುಸ್ತಕದ ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ನನ್ನದು ಐದನೆಯ ಸರದಿ. ಎದ್ದು ಮುಂದೆ ಹೋಗಿ ಓದಲು ಶುರು ಮಾಡಿದೆ. ಮೊದಲ ಪ್ಯಾರಾಕ್ಕೇ ಜನ ನಕ್ಕರು. ನಗು ಬಂದ ಹಾಗೆ ನನ್ನ ಗಂಟಲೂ ಬಿಚ್ಚಿಕೊಂಡಿತು. ಎರಡನೆಯ ಪುಟ ತಿರುಗಿಸಿ ತಲೆಯೆತ್ತಿದರೆ, ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ನಮ್ಮತ್ತೆ ಕೂತಿದ್ದರು. ಅವರ ಪಕ್ಕದಲ್ಲಿ ದಪ್ಪ ಕನ್ನಡಕದ ಮುದುಕರೊಬ್ಬರು. ಬಿಳಿ ಟೋಪಿ, ಕೊರಳಲ್ಲಿ ಅಳತೆ ಟೇಪು.

ಆಮೇಲೆ ತಿಳಿದದ್ದು ಇಷ್ಟು. ನಾನು ಹೊರಟ ಮೇಲೆ ಅತ್ತೆ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮುಂದಿನ ಬಸ್ ಹತ್ತಿದ್ದರು. ಗ್ರಂಥಾಲಯ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗುರುತಿದ್ದ ಒಂದೇ ಅಂಗಡಿಗೆ ಹೋಗಿ, "ಸಾಬ್ರೆ, ನನ್ ಸೊಸೆ ಬರ್ದಿರದ್ನ ಓದ್ತಾವ್ಳೆ, ಬನ್ನಿ ಓಗನ" ಎಂದು ಸಾಬರನ್ನೇ ಎಬ್ಬಿಸಿಕೊಂಡು ಬಂದಿದ್ದರು.

ನಾನು ಅಲ್ಲೇ ನಿಲ್ಲಿಸಬಹುದಿತ್ತು. ಕಡೇಪಕ್ಷ ಹುಕ್ಕಿನ ಭಾಗವನ್ನು ಹಾರಿಸಬಹುದಿತ್ತು. ಆದರೆ ಜನ ನಗುತ್ತಿದ್ದರು, ಮೇಡಂ ತಲೆದೂಗುತ್ತಿದ್ದರು. ಆ ರುಚಿ ಬಿಡಲು ಮನಸ್ಸಾಗಲಿಲ್ಲ. ಪೂರ್ತಿ ಓದಿದೆ. ಆರತಿ ತಟ್ಟೆಯ ಹುಕ್ಕುಗಳಿಗೆ ಎಲ್ಲಕ್ಕಿಂತ ಜೋರು ನಗು ಬಂತು.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಹೆಂಗಸೊಬ್ಬರು, "ಆ ಟೈಲರ್ ಯಾರಮ್ಮ? ಮಗಳ ಮದುವೆ ಬಟ್ಟೆ ಹೊಲಿಯಕ್ಕೆ ಕೊಟ್ಟಿದೀವಿ, ಅದಕ್ಕೆ ಕೇಳ್ದೆ" ಎಂದರು. ಅವರು ತಮಾಷೆಗೆ ಕೇಳಿದರೋ ನಿಜವಾಗಿ ಗಾಬರಿಯಾಗಿತ್ತೋ ನನಗೆ ತಿಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಗಫೂರ್ ಸಾಬರು ಎದ್ದು ನಿಂತಿದ್ದರು.

"ನಾನೇ ಅಮ್ಮ" ಎಂದರು. "ಆ ಹುಡುಗಿ ಬರ್ದಿರೋದು ಸರಿ ಅದೆ. ವಯಸ್ಸಾಯ್ತು, ಕಣ್ಣು ಮಂಜಾಗಿದೆ. ಕೈ ತಪ್ತದೆ. ತಪ್ಪು ನಂದೇ."

ಯಾರೂ ನಗಲಿಲ್ಲ. ಮದುವೆ ಬಟ್ಟೆಯ ಹೆಂಗಸು ತಲೆ ತಗ್ಗಿಸಿದರು. ಅವರು ಕೊಟ್ಟಿದ್ದೂ ಸಾಬರಿಗೇ. ಆಗ ಅತ್ತೆ ಮಂಡಿ ಹಿಡಿದುಕೊಂಡು ಎದ್ದರು.

"ಕೂತ್ಕಳಿ ಸಾಬ್ರೆ. ಯಾಕ್ ಸುಳ್ಳೇಳೀರಿ? ಕಣ್ಣು ಮಂಜಾಗಿರದು ಈಗ. ಮೂವತ್ತೈದು ವರ್ಸದ ಹಿಂದೆ ಮಂಜಾಗಿತ್ತಾ?" ಎಂದರು. ಆಮೇಲೆ ಜನರ ಕಡೆ ತಿರುಗಿದರು. ತುಂಬಿದ ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆದರೆ ದನಿ ನಡುಗಲಿಲ್ಲ.

"ನಾನು ಅರದನಳ್ಳಿ ಎಣ್ಣು. ಅನ್ನೊಂದು ವರ್ಸದೋಳಿದ್ದಾಗ ನಮ್ಮಪ್ಪನ ಆಲೆಮನೇಲಿ ಬೆಲ್ಲದ ಪಾಕ ಈ ತೋಳ್ ಮ್ಯಾಕೆ ಬಿತ್ತು. ಮೊಣಕೈಗಂಟ ಬೆಂದೋಯ್ತು. ಮದ್ವೆ ಮಾಡ್ಕಂಡು ಬೇಗೂರಿಗೆ ಬಂದಾಗ ಮಡ್ಲಿಗಾಕಿದ್ ರವ್ಕೆ ಪೀಸ್ ತಕಂಡು ಇವ್ರ ಅಂಗ್ಡಿಗೆ ಓದೆ. ಎಂಗಸ್ರ ಅಳ್ತೆ ತಗಳವ್ರು ಇವ್ರ ಎಂಡ್ರು. ಆ ತಾಯಿ ನನ್ ತೋಳ್ ನೋಡಿದ್ರು, ಏನೂ ಕೇಳ್ನಿಲ್ಲ. ರವ್ಕೆ ಈಸ್ಕಂಡು ಮನೇಲಿ ಆಕ್ಕಂಡ್ರೆ ಎಡತೋಳು ಉದ್ದ ಬಂದದೆ, ಸುಟ್ಟಿದ್ ಕಲೆ ಪೂರಾ ಮುಚ್ಕಂಡದೆ. ಎರಡೂ ಉದ್ದ ಒಲಿಯಕ್ಕೆ ಆ ಬಟ್ಟೆ ಸಾಲ್ದು. ಬಲಗಡೆಗೆ ಉಳ್ದಷ್ಟು ಇಟ್ಟವ್ರೆ. ನಾನು ಬಾಯ್ಬುಟ್ಟು ಕೇಳಿರ್ನಿಲ್ಲ. ಅವ್ರೇ ತಿಳ್ಕಂಡು ಮಾಡ್ಕೊಟ್ರು."

ಸಾಬರ ಕಡೆ ಒಮ್ಮೆ ನೋಡಿ ಮತ್ತೆ ಹೇಳಿದರು. "ಆಮ್ಯಾಕೆ ಬಟ್ಟೆ ಸಾಕಾಗಂಗೆ ತಂದ್ರೂ ನಾನೇ ಅಂಗೇ ಒಲೀರಿ ಅಂದೆ. ಆ ಅಳ್ತೆ ಆ ತಾಯಿದು. ಅವ್ರು ತೀರ್ಕಂಡ್ ಮ್ಯಾಕೂ ಬದ್ಲಾಯಿಸ್ನಿಲ್ಲ. ಈ ಕಡೆ ನನ್ ಗಂಡಂಗೆ ಬುಟ್ರೆ ಇವ್ರಿಬ್ರಿಗೇ ಗೊತ್ತಿದ್ದುದ್ದು. ನೋಡ್ದೋರು ಕೆಟ್ ದರ್ಜಿ ಅಂದಿರ್ಬೋದು. ಅನ್ನಿಸ್ಕಂಡ್ರು. ಒಂದಿನಾನೂ ಒಬ್ರಿಗೂ ಬಾಯ್ಬುಡ್ನಿಲ್ಲ. ಈಗ್ಲೂ ಬುಡ್ನಿಲ್ಲ, ನೀವೇ ನೋಡುದ್ರಲ್ಲ."

ಅವರು ಕೂತರು. ನಾನು ಕೈಯಲ್ಲಿ ಹಾಳೆ ಹಿಡಿದು ಅಲ್ಲೇ ನಿಂತಿದ್ದೆ. ಎಲ್ಲರೂ ನೋಡಿಯೂ ಗಮನಿಸದ ವಿಷಯವನ್ನು ಹಿಡಿದಿದ್ದೇನೆ ಎಂದು ಬೀಗಿದವಳು ನಾನು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಐದು ವರ್ಷ ಕೂತು, ಆ ತೋಳಿನ ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. "ಹುಕ್ಕು ಬಿದ್ದ ಕಥೆ ನಿಜವಲ್ಲ, ನಾನು ಕಟ್ಟಿದ್ದು" ಎಂದು ಸಭೆಯ ಮುಂದೆ ಹೇಳಿದೆ. ಅಷ್ಟು ಹೇಳಲಿಕ್ಕೆ ನನಗೆ ಇಡೀ ಬರಹ ಓದಿದ್ದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಮೇಷ್ಟ್ರು ಎದ್ದು ಹೋಗಿ ಸಾಬರ ಕೈ ಹಿಡಿದುಕೊಂಡರು. ಸಾಬರು ಆ ಗ್ರಂಥಾಲಯದ ಹಳೆಯ ಸದಸ್ಯರೆಂದು ನನಗೆ ತಿಳಿದದ್ದೂ ಆಗಲೇ. ಮನೆಯಲ್ಲಿ ಉರ್ದು ಆಡುವ ಅವರು ಅಲ್ಲಿನ ಕನ್ನಡ ಕಾದಂಬರಿಗಳನ್ನು ಬಹುಪಾಲು ಓದಿ ಮುಗಿಸಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತಿದ್ದರು. ಅರ್ಧ ದಾರಿ ಕಳೆದಿತ್ತು.

"ಅತ್ತೆ, ನನ್ನಿಂದ ತಪ್ಪಾಯ್ತು" ಎಂದೆ.

"ಬರ್ದಿದ್ದು ಚೆಂದಾಗೇ ಇತ್ತು" ಎಂದರು. "ಆದ್ರೆ ನೀ ಕೇಳಿದ್ರೆ ನಾನೇ ಯೋಳ್ತಿದ್ದೆ ಕಣಮ್ಮಿ. ಬೇರೆ ಕಡೆ ಕೊಡಿ ಅಂದೆ. ಯಾಕಿಂಗದೆ ಅಂತ ಒಂದಿನಾನೂ ಕೇಳ್ನಿಲ್ಲ."

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಬಸ್ಸಿನಲ್ಲೇ ಅತ್ತುಬಿಟ್ಟೆ. ಕಂಡಕ್ಟರ್ ಟಿಕೆಟ್ ಕೇಳಲು ಬಂದವರು ಹಾಗೇ ಹಿಂದಕ್ಕೆ ಹೋದರು.

ಮಾರನೆಯ ದಿನವೇ ಸಾಬರ ಅಂಗಡಿಗೆ ಹೋದೆ. ಅವರು ಮಿಷನ್ ನಿಲ್ಲಿಸಿ ಸ್ಟೂಲ್ ಕೊಟ್ಟು ಕೂರಿಸಿದರು. ನಾನು ಕ್ಷಮೆ ಕೇಳಿದೆ.

"ತೋಳಿನ ಮಾತು ಬಿಡಿ ಅಮ್ಮ. ಅಣ್ಣ ತಮ್ಮ ಪಾಲಾದ್ರು ಅಂತ ಬರ್ದಿದ್ರಲ್ಲ, ಅದಕ್ಕೆ ನಾನೂ ನಕ್ಕೆ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಆದ್ರೆ ಹುಕ್ಕು ಕಿತ್ತು ಬಂತು ಅಂದ್ರಿ. ಹುಕ್ಕು ಹಾಕ್ತಿದ್ದದ್ದು ನಮ್ಮನೆಯೋರು. ಅವ್ರು ಹಾಕಿದ ಒಂದು ಹುಕ್ಕೂ ಯಾವತ್ತೂ ಕಿತ್ತು ಬಂದಿದ್ದಿಲ್ಲ. ಅದೊಂದು ಮಾತ್ರ ರಾತ್ರಿಯೆಲ್ಲ ಕೊರೀತು" ಎಂದರು.

ನಾನು ನಗಿಸಲಿಕ್ಕೆಂದು ಕಟ್ಟಿದ ಒಂದೇ ಒಂದು ಸುಳ್ಳು, ತೀರಿಕೊಂಡ ಒಬ್ಬ ಹೆಂಗಸಿನ ಕೈಕೆಲಸದ ಮೇಲೆ ಬಿದ್ದಿತ್ತು. ಇಂದಿಗೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಮದುವೆ ಬಟ್ಟೆಯ ಹೆಂಗಸು ಬಟ್ಟೆ ವಾಪಸ್ ಪಡೆಯಲಿಲ್ಲ. ನಾನು ಹೋದ ದಿನ ಆ ಮನೆಯ ರೇಷ್ಮೆ ರವಿಕೆಗಳು ಅಂಗಡಿಯ ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಗ್ರಂಥಾಲಯದ ಪುಸ್ತಕಕ್ಕೆ ನನ್ನ ಬರಹ ಕೊಡಲಿಲ್ಲ. ಮೇಡಂ, "ನಡೆದದ್ದನ್ನೇ ಸೇರಿಸಿ ಮತ್ತೆ ಬರೆಯಿರಿ" ಎಂದರು. ಅತ್ತೆಯನ್ನು ಕೇಳಿದೆ. "ಈಗ್ಲೇ ಬ್ಯಾಡ ಕಣಮ್ಮಿ, ಒಂದ್ ದಿನ ಯೋಳಿದ್ದೇ ಸಾಕು" ಎಂದರು. ಬಿಟ್ಟುಬಿಟ್ಟೆ. ಪುಸ್ತಕ ನನ್ನ ಹೆಸರಿಲ್ಲದೆ ಬಂತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಎಷ್ಟೋ ಬರೆದೆ, ಕೆಲವು ಪತ್ರಿಕೆಗಳಲ್ಲೂ ಬಂದವು. ಯಾರ ಬಗ್ಗೆ ಬರೆದರೂ ಮೊದಲು ಅವರ ಮುಂದೆ ಕೂತು ಓದುತ್ತೇನೆ. ಓದಿದಾಗ ಅವರು ತಿದ್ದುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ತಿದ್ದಿದ್ದು ಯಾವಾಗಲೂ ನಾನು ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ.

ಗಫೂರ್ ಸಾಬರು ಈಗಿಲ್ಲ. ಅತ್ತೆ ಇದ್ದಾರೆ. ಕಳೆದ ವಾರ ಅವರೇ, "ಆ ಗ್ರಂಥಾಲಯದ್ದು ಈಗ ಬರಿಯಮ್ಮಿ, ಸಾಬ್ರ ಎಸ್ರು ಉಳೀಲಿ" ಎಂದರು. ಬರೆದು ಅಡುಗೆಮನೆಯಲ್ಲಿ ಕೂತು ಪೂರ್ತಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೊನೆಗೆ ಒಂದೇ ತಕರಾರು ತೆಗೆದರು. ನಾನು ಅವರ ದನಿ ನಡುಗಲಿಲ್ಲ ಎಂದು ಬರೆದಿದ್ದೇನೆ, ಅದು ತಪ್ಪು.

"ನಡುಗ್ತು ಕಣಮ್ಮಿ" ಎಂದರು. "ನಿಂಗೆ ಕೇಳ್ನಿಲ್ಲ ಅಷ್ಟೆ."