ಎಂಟನೆಯ ಗಡಿಯಾರ

ಇಂಗ್ಲೆಂಡಿನ ನಮ್ಮ ಗಿರಣಿ ಊರು ಬೋಲ್ಟನ್ನಿನಲ್ಲಿ ವಿನ್ನಿ ಹ್ಯಾಸ್ಲಮ್ ಮನೆಗೆ ಹೋದವರು ಗಂಟೆ ಎಷ್ಟೆಂದು ಕೇಳುತ್ತಿರಲಿಲ್ಲ. ಏಳು ಗಡಿಯಾರಗಳು ಏಳು ಥರ ಉತ್ತರ ಕೊಡುತ್ತಿದ್ದವು. ಎಲ್ಲವೂ ಅವಳು ಓಡಿ ಗೆದ್ದವೇ. ವಾರವಿಡೀ ಹತ್ತಿಗಿರಣಿಯಲ್ಲಿ ನೂಲು, ಶನಿವಾರ ಮಧ್ಯಾಹ್ನ ಓಟ. ಆಗೆಲ್ಲ ಓಟಗಾರರು ಹಣ ಮುಟ್ಟುವಂತಿರಲಿಲ್ಲ, ಬಹುಮಾನವೆಂದರೆ ವಸ್ತು. ಅದನ್ನು ಮಾರಿಕೊಂಡರೆ ದುಡ್ಡಿಗೆ ಓಡಿದವಳೆಂದು ಲೆಕ್ಕ, ಜೀವನಪರ್ಯಂತ ಮೈದಾನದಿಂದ ಹೊರಗೆ. ಪಾಪ, ಕಾಲಿನಿಂದ ಗಳಿಸಿದ್ದೆಲ್ಲ ಬರೀ ಕಾಲವೇ.

೧೯೫೩ರ ಆಗಸ್ಟ್. ತಾಯಿ ಡೋರಾಳ ಮೊಣಕಾಲಿಗೆ ವಾತ ಹಿಡಿದಿತ್ತು. ಚಳಿಗಾಲದೊಳಗೆ ಒಂದು ಜೋಡಿ ಉಣ್ಣೆ ಕಂಬಳಿ ಬೇಕೇಬೇಕು. ಗಿರಣಿಯ ಕ್ರೀಡಾದಿನದಂದು ಬಹುಮಾನದ ಮೇಜಿನ ಮೇಲೆ ಅದು ಕಣ್ಣಿಗೆ ಬಿತ್ತು: ೨೨೦ ಗಜದ ಓಟಕ್ಕೆ ಎರಡನೆಯ ಬಹುಮಾನ. ಮೊದಲನೆಯದು ಗಡಿಯಾರ.

"ಇವತ್ತೊಂದಿನ ಎರಡನೆಯವಳಾಗೇ ತಾಯಿ, ಪುಣ್ಯ ಬರತ್ತೆ," ಎಂದಳು ಡೋರಾ.

"ಅಷ್ಟೇ ತಾನೆ? ಆಯ್ತು ಬಿಡಮ್ಮ."

ಚುರುಕಿನವರು ಹಿಂದೆ, ನಿಧಾನದವರು ಮುಂದೆ ನಿಂತು ಹೊರಡುವ ಓಟ ಅದು. ವಿನ್ನಿ ಎಲ್ಲರಿಗಿಂತ ಹಿಂದೆ. ಅದೇ ಗಿರಣಿಯ ಐವಿ ಪಾರ್ಟಿಂಗ್ಟನ್ ಹದಿನೆಂಟು ಗಜ ಮುಂದೆ. ಐವಿಯೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದೆ ಹಾಕುವುದು ವಿನ್ನಿಯ ಹಂಚಿಕೆ. ತಿರುವು ದಾಟುವಷ್ಟರಲ್ಲಿ ಅದು ಆಗಿಯೂ ಹೋಯಿತು. ಕೊನೆಯ ಹತ್ತು ಗಜ. ವಿನ್ನಿ ವೇಗ ಸಡಿಲಿಸಿದಳು. ಐವಿ ತಿರುಗಿ ನೋಡಿದಳು.

"ಏನೇ ವಿನ್ನಿ, ವಯಸ್ಸಾಯ್ತಾ?"

ಆಮೇಲೆ ಕಂಬಳಿಯೂ ನೆನಪಿಲ್ಲ, ಮೊಣಕಾಲೂ ನೆನಪಿಲ್ಲ. ವಿನ್ನಿಯ ಎದೆ ಗುರಿಯ ದಾರಕ್ಕೆ ಮೊದಲು ತಾಗಿತು.

"ಬಂತು, ಎಂಟನೇದು!" ಡೋರಾ ತಲೆ ಚಚ್ಚಿಕೊಂಡಳು.

ಕಂಬಳಿ ಅಪ್ಪಿ ನಿಂತಿದ್ದ ಐವಿಯ ಕಣ್ಣೆಲ್ಲ ಗಡಿಯಾರದ ಮೇಲೆ. "ನಮ್ಮನೇಲಿ ಒಂದೂ ಇಲ್ಲ ಕಣೇ. ಗಿರಣಿಗೆ ದಿನಾ ತಡ, ದಿನಾ ಬೈಗುಳ."

"ಹಾಗಾದ್ರೆ ಅದಲು ಬದಲು ಮಾಡ್ಕೊಳೋಣ್ವಾ?"

ಪಕ್ಕದಲ್ಲೇ ಇದ್ದ ತೀರ್ಪುಗಾರ ಎಂಟ್ವಿಸಲ್ ಸಾಹೇಬರು ಕೆಮ್ಮಿದರು. "ಮಿಸ್ ಹ್ಯಾಸ್ಲಮ್, ಬದಲಾಯಿಸೋದೂ ವ್ಯಾಪಾರವೇ. ವ್ಯಾಪಾರ ಮಾಡಿದೋರು ಇನ್ನು ಯಾವತ್ತೂ ಓಡೋ ಹಾಗಿಲ್ಲ."

"ಉಡುಗೊರೆ ಕೊಡಬಹುದೇನು ಸಾರ್?"

"ಧಾರಾಳವಾಗಿ."

ವಿನ್ನಿ ಗಡಿಯಾರವನ್ನು ಐವಿಯ ಕೈಗಿಟ್ಟು, "ತಗೋ, ಉಡುಗೊರೆ," ಎಂದು ತನ್ನ ಎರಡೂ ಕೈ ಚಾಚಿ ಕಾದಳು. ಐವಿ ಆ ಕೈಗಳನ್ನು ಭಾವುಕಳಾಗಿ ಕುಲುಕಿ, "ನಿನ್ನಂಥೋಳು ಇನ್ನೊಬ್ಬಳಿಲ್ಲ ಕಣೇ!" ಎಂದು ಗಡಿಯಾರ ಕಂಕುಳಿಗೆ, ಕಂಬಳಿ ಹೆಗಲಿಗೆ ಏರಿಸಿ ಬಸ್ಸು ಹತ್ತಿದಳು.

"ಇದು ನಿಜವಾದ ಕ್ರೀಡಾಮನೋಭಾವ!" ಸಾಹೇಬರು ಟೋಪಿ ಎತ್ತಿದರು.

ಡೋರಾ ನಗು ತಡೆಯಲಾರದೆ ಬೇಲಿ ಹಿಡಿದುಕೊಂಡಳು. "ಬೇಕಂತ ಸೋಲೋದಕ್ಕೂ ಕಲೀಬೇಕು ಮಗಳೇ. ನಮ್ಮ ವಂಶಕ್ಕೆ ಅದು ಬರಲ್ಲ. ನಿಮ್ಮಪ್ಪನೂ ಹೀಗೇ."

ಸೋಮವಾರದಿಂದ ವಿನ್ನಿ ಗಿರಣಿಯಲ್ಲಿ ದಿನಾ ಒಂದು ಗಂಟೆ ಹೆಚ್ಚು ದುಡಿದಳು. ನೂಲಿಗೆ ಕೂಲಿ ಪಡೆದರೆ ಯಾವ ಸಾಹೇಬರ ತಕರಾರೂ ಇರಲಿಲ್ಲ. ಅಕ್ಟೋಬರಿನ ಮೊದಲ ಚಳಿಗೆ ಡೋರಾ ಅಂಗಡಿಯ ಹೊಸ ಕಂಬಳಿ ಹೊದ್ದಳು. ಓಟದ ದಿನಗಳಲ್ಲಿ ವಿನ್ನಿ ಮತ್ತೆಂದೂ ಬಹುಮಾನದ ಮೇಜಿನ ಹತ್ತಿರ ಓಟ ಮುಗಿಯುವ ಮುಂಚೆ ಸುಳಿಯಲಿಲ್ಲ.