ಗಟ್ಟಿಮೇಳ ಬಿದ್ದ ಹಾಡು

ತೊಂಬತ್ತರ ದಶಕದ ನಡುವೆ ಪಾಂಡವಪುರದ ಶಾಲೆಯಲ್ಲಿ ಸಂಗೀತದ ಶಿಕ್ಷಕಿಯಾಗಿದ್ದ ನಾನೂ ಗೆಳತಿಯರೂ ಸೇರಿ ಒಂದೇ ಹಾಡಿನ ಕ್ಯಾಸೆಟ್ಟೊಂದನ್ನು ತಂದೆವು. ಅದಕ್ಕೆ ಪ್ರೇರಣೆ ಒಂದು ಅನ್ಯಾಯ. ಚಿನಕುರಳಿಯ ಗಾಯಕಿಯೊಬ್ಬರು ಮದುವೆಯ ಆರ್ಕೆಸ್ಟ್ರಾದಲ್ಲಿ ಹಾಡಿ ಬದುಕುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ವಿಧವೆ ಶುಭಕಾರ್ಯದಲ್ಲಿ ಹಾಡಬಾರದೆಂದು ಜನ ತಕರಾರು ತೆಗೆದರು. ಆರ್ಕೆಸ್ಟ್ರಾದ ಮಾಲೀಕರು ಕರೆಯುವುದನ್ನೇ ಬಿಟ್ಟರು. ಸಾವು ಗಂಡನದು, ಶಿಕ್ಷೆ ಹೆಂಡತಿಯ ಕೊರಳಿಗೆ. ಇದನ್ನು ಸಂಪ್ರದಾಯವೆನ್ನಲು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ನನ್ನ ಬಳಿ ಅಮೆರಿಕದ ಕಪ್ಪು ಜನರ ‘ಸೋಲ್’ ಎಂಬ ಸಂಗೀತದ ಹಳೆಯ ಹಾಡುಗಳ ಕ್ಯಾಸೆಟ್ಟಿತ್ತು. ಹತ್ತಾರು ಪಿಟೀಲುಗಳು ತುಂಬಿದ ನಾಲೆಯಂತೆ ಹರಿಯುತ್ತಿದ್ದರೆ, ಅವುಗಳ ಮೇಲೆ ಒಂಟಿ ಹೆಣ್ಣುದನಿ ತಲೆಯೆತ್ತಿ ನೋವು ಹೇಳುತ್ತಿತ್ತು. ಗಾಯಕಿ ಕೇಳಿ, “ಭಾಸೆ ತಿಳೀದು. ಆದ್ರೆ ಈವಮ್ಮ ಯಾರ್ಗೂ ಎದ್ರಕಿಲ್ಲ ಕಣವ್ವ” ಎಂದರು.

ಅದೇ ಬಗೆಯಲ್ಲಿ ಹಾಡು ಕಟ್ಟಿದೆವು. ಕೀಬೋರ್ಡು ಬಂದು ಕೆಲಸ ಕಳೆದುಕೊಂಡಿದ್ದ ಶ್ರೀರಂಗಪಟ್ಟಣದ ಪಿಟೀಲಿನವರು ಸಂತೋಷದಿಂದ ಬಂದರು. ಮಂಗಳವಾದ್ಯ ನುಡಿಸಿಯೂ ಕೊನೆಯ ಪಂಕ್ತಿಯಲ್ಲೇ ಉಣ್ಣಬೇಕಾಗಿದ್ದ ಅರಕೆರೆಯ ವಾಲಗದ ಹಿರಿಯರೊಬ್ಬರು ಡೋಲು ಹೊತ್ತು ಬಂದರು. ವಾಲಗದವರನ್ನು ಹಾಗೆ ಕೊನೆಗೆ ಕೂರಿಸುವುದೂ ಅನ್ಯಾಯವೇ. ಆ ದಿನ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡ ಮೇಲೆಯೇ ಶಾಲೆಯ ಸಭಾಂಗಣದಲ್ಲಿ ಧ್ವನಿಮುದ್ರಣ ಆರಂಭವಾಯಿತು.

ಕೊನೆಯ ಚರಣದಲ್ಲಿ, ಪಿಟೀಲುಗಳು ಮೆಲ್ಲಗೆ ಏರಲೆಂದು ಗಾಯಕಿ ಕೈ ಎತ್ತಿದರು. ಪುರೋಹಿತರು ಕೈ ಎತ್ತಿದೊಡನೆ ತಾಳಿ ಕಟ್ಟುವ ಗಳಿಗೆಗೆ ಗಟ್ಟಿಮೇಳ ಬಾರಿಸಿ ಪಳಗಿದ್ದ ಹಿರಿಯರ ಕೈ ಸುಮ್ಮನಿರಲಿಲ್ಲ. ಡೋಲು ಭೋರ್ಗರೆಯಿತು. ಬೆಚ್ಚಿದ ಪಿಟೀಲಿನವರೂ ಅದರ ಹಿಂದೆ ಓಡಿದರು. ಗಾಯಕಿ ನಿಲ್ಲಲಿಲ್ಲ, ನಗುತ್ತಲೇ ದನಿಯನ್ನು ಡೋಲಿಗಿಂತ ಮೇಲೇರಿಸಿ ಹಾಡು ಮುಗಿಸಿದರು.

“ತಪ್ಪಾಯ್ತು ಕಣವ್ವ. ಕೈ ಎತ್ತುದ್ರೆ ಬಾರ್ಸದೊಂದೇ ಗೊತ್ತು ನಂಗೆ. ಇನ್ನೊಂದ್ಸಲ ಹಾಡ್ಬುಡು,” ಎಂದರು ಹಿರಿಯರು.

“ಬ್ಯಾಡ ಕಣಣ್ಣ. ಮದ್ವೆ ಮನೇಲಿ ನನ್ನ ಕಂಡ್ರೆ ಮಕ ತಿರುಗ್ಸೋರು. ನೀನು ನಾನ್ ಕೈ ಎತ್ತುದ್ಕೆ ಗಟ್ಟಿಮೇಳ ಬಾರ್ಸ್‌ಬುಟ್ಟೆ. ಅಂಗೇ ಇರ್ಲಿ ಬುಡು.”

ಹಾಗೆಯೇ ಉಳಿಸಿದೆವು. ಕೃಷ್ಣರಾಜಪೇಟೆಯ ಬಸ್ಸುಗಳಲ್ಲಿ ಆ ಕ್ಯಾಸೆಟ್ಟು ಓಡಿತು. ಜನ ಅದನ್ನು ಗಟ್ಟಿಮೇಳದ ಹಾಡೆಂದೇ ಕರೆದರು. ಕೆಲವೇ ತಿಂಗಳಲ್ಲಿ ನಾಗಮಂಗಲದ ಮದುಮಗಳೊಬ್ಬಳು ತನ್ನ ಮದುವೆಯಲ್ಲಿ ಅದೇ ಹಾಡು, ಅದೇ ದನಿ ಬೇಕೆಂದು ಹಟ ಹಿಡಿದಳು. ಆರ್ಕೆಸ್ಟ್ರಾದ ಮಾಲೀಕರು ಬೇರೆ ಗಾಯಕಿಯ ಹೆಸರು ಹೇಳಿ ನೋಡಿದರು, ಅವಳು ಜಗ್ಗಲಿಲ್ಲ. ಕೊನೆಗೆ ಅವರೇ ಚಿನಕುರಳಿಗೆ ಬಂದು ಕರೆದರು. ವಾಲಗದವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದರೆ ಬರುವೆನೆಂದು ಗಾಯಕಿ ಕರಾರು ಮಾಡಿದರು.

ಎಲೆ ಹಾಕಿದರು. ಉಂಡೆದ್ದ ಹಿರಿಯರು ಡೋಲು ಹೆಗಲಿಗೇರಿಸಿ, ಮದುವೆಯ ವೇದಿಕೆಯಲ್ಲಿ ಗಾಯಕಿ ಕೈ ಎತ್ತುವುದನ್ನೇ ಕಾಯುತ್ತ ನಿಂತರು.